ಮುಚ್ಚಳದೊಳಗಿನ ಪೇಟೆಂಟು

ಅದು ಆಗುವ ಮಾತಲ್ಲ ಎಂದವರು ನಮ್ಮ ಸೋದರಮಾವ. ಸನತ್‌ನಗರದ ನಮ್ಮ ಮನೆಯಲ್ಲಿ ಕುಳಿತು, ಅವ್ವ ಕೊಟ್ಟ ಚಹಾವನ್ನು ಬಸಿಗೆ ಸುರಿದುಕೊಂಡು, ಒಂದು ಗುಟುಕಿಗೂ ಇನ್ನೊಂದು ಗುಟುಕಿಗೂ ನಡುವೆ ಹೇಳಿಬಿಟ್ಟರು.

“ಪೇಟೆಂಟ್ ಅಂದ್ರ ಏನಂತ ತಿಳ್ಕೊಂಡಿ ತಂಗಿ? ನಾ ಇಷ್ಟು ವರ್ಷದಿಂದ ರಕ್ಷಣಾ ಕಾರ್ಖಾನ್ಯಾಗ ಅದೀನಿ. ನಮ್ಮಲ್ಲಿ ಎಂಥೆಂಥಾ ದೊಡ್ಡ ಇಂಜಿನಿಯರ್ ಮಂದಿ ಅದಾರ. ಅವ್ರಿಗೇ ಪೇಟೆಂಟ್ ಸಿಕ್ಕಿಲ್ಲ. ನಿನಗ ಯಾರು ಕೊಡ್ತಾರ?”

“ಪೇಟೆಂಟ್ ಕಂಪನಿಗೆ ರೀ ಮಾಮಾ. ಕಂಡುಹಿಡದಾವ್ರು ಅಂತ ನನ್ನ ಹೆಸರು ಬರ್ತೈತಿ.”

“ಏನು ಕಂಡುಹಿಡದಿ?”

“ಅದನ್ನ ಹೇಳಂಗಿಲ್ಲ.”

ಮಾಮಾ ಅವ್ವನ ಕಡೆ ತಿರುಗಿದರು. “ಕೇಳಿದ್ಯಾ ಅಕ್ಕಾ? ಏನೂ ಕಂಡುಹಿಡಿದಿಲ್ಲ.”

ನಮ್ಮ ಮನೆತನದಲ್ಲಿ ಗುಟ್ಟು ಎನ್ನುವುದೇ ಇಲ್ಲ. ಯಾರಿಗೆ ಮೂಲವ್ಯಾಧಿ ಆಗಿದೆ, ಯಾರ ಸೊಸೆ ತವರಿಗೆ ಹೋಗಿ ಕುಳಿತಿದ್ದಾಳೆ, ಎಲ್ಲವೂ ಚಹಾದ ಜೊತೆಗೇ ಬರುತ್ತವೆ. ಲಿಂಗಸುಗೂರು ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವರು ಹೈದರಾಬಾದಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡೇ ಬದುಕಿದ್ದು. ಹೀಗಿರುವಾಗ ಹುಡುಗಿಯೊಬ್ಬಳು ‘ಹೇಳಂಗಿಲ್ಲ’ ಎಂದರೆ ಅರ್ಥ ಎರಡೇ: ಒಂದೋ ಹೇಳಲು ಏನೂ ಇಲ್ಲ, ಇಲ್ಲವೇ ಹುಡುಗ ಇದ್ದಾನೆ. ಮಾಮಾ ಮೊದಲನೆಯದನ್ನು ನಂಬಿದರು. ಅವ್ವ ಎರಡನೆಯದನ್ನು.

ನಾನು ಕೆಲಸ ಮಾಡುವುದು ಜೀಡಿಮೆಟ್ಲಾದ ಒಂದು ಕಂಪನಿಯಲ್ಲಿ. ಆಸ್ಪತ್ರೆಗಳಿಗೆ, ಲ್ಯಾಬುಗಳಿಗೆ ಬೇಕಾದ ಸ್ಯಾಂಪಲ್ ಡಬ್ಬಿಗಳನ್ನು ಅಲ್ಲಿ ಮಾಡುತ್ತಾರೆ. ಅಪ್ಪನ ಕಡೆಯಲ್ಲೂ ಅವ್ವನ ಕಡೆಯಲ್ಲೂ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ನಾನು ಅವಕಾಶ ಸಿಕ್ಕಾಗಲೆಲ್ಲ ಹೇಳುತ್ತೇನೆ, ಈಗಲೂ ಹೇಳಿದೆ. ಕೆಮಿಸ್ಟ್ರಿ ನನ್ನನ್ನು ಒಮ್ಮೆಯಲ್ಲ, ಎರಡು ಸಲ ಕೆಡವಿತ್ತು. ಎದ್ದು ಪಾಸಾದೆ. ಮೈಕ್ರೋಬಯಾಲಜಿಯಲ್ಲಿ ಬಿ.ಎಸ್ಸಿ. ಆಯಿತು, ನೌಕರಿ ಸಿಕ್ಕಿತು. ಮನೆಯಲ್ಲಿ ಕೇಳಿದವರಿಗೆ ‘ಲ್ಯಾಬ್ ಸಾಮಾನಿನ ಕಂಪನಿ’ ಎಂದೆ. ಅವರು ಮುಂದೆ ಕೇಳಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ನಮ್ಮ ವಿಭಾಗ ಮಾಡುತ್ತಿದ್ದದ್ದು ಮಲಪರೀಕ್ಷೆಯ ಡಬ್ಬಿ.

ಆ ಡಬ್ಬಿಗೆ ಒಂದು ಹಳೆಯ ತೊಂದರೆ ಇತ್ತು. ದೂರದ ಊರಿನಿಂದ ಸ್ಯಾಂಪಲ್ ಬಸ್ಸಿನಲ್ಲಿ ಬರಬೇಕು. ನಮ್ಮ ಬಿಸಿಲಿಗೆ ದಾರಿಯಲ್ಲೇ ಕೆಡುತ್ತದೆ. ಕೆಡಬಾರದೆಂದು ಡಬ್ಬಿಯ ತಳದಲ್ಲಿ ಮೊದಲೇ ಸ್ವಲ್ಪ ಔಷಧದ ನೀರು ಹಾಕಿ ಕಳಿಸುತ್ತಿದ್ದೆವು. ಜನ ಏನು ಮಾಡುತ್ತಿದ್ದರು? ಡಬ್ಬಿ ತೆರೆಯುತ್ತಿದ್ದರು, ಒಳಗೆ ನೀರು ನೋಡುತ್ತಿದ್ದರು, ಇದನ್ನು ಯಾರೋ ಸರಿಯಾಗಿ ಒರೆಸಿಲ್ಲ ಎಂದುಕೊಂಡು ಆ ನೀರನ್ನು ಚೆಲ್ಲಿ, ನಲ್ಲಿಯ ಕೆಳಗೆ ಚೆನ್ನಾಗಿ ತೊಳೆದು, ಆಮೇಲೆ ತುಂಬಿಸಿ ಕೊಡುತ್ತಿದ್ದರು. ಸ್ವಚ್ಛತೆಯ ವಿಷಯದಲ್ಲಿ ನಮ್ಮ ಜನರನ್ನು ಮೀರಿಸುವವರಿಲ್ಲ. ಮೇಲೆ ‘ಚೆಲ್ಲಬೇಡಿ’ ಎಂದು ತೆಲುಗು, ಹಿಂದಿ, ಇಂಗ್ಲಿಷಿನಲ್ಲಿ ಚೀಟಿ ಅಂಟಿಸಿದೆವು. ತೊಳೆಯುವಾಗ ಚೀಟಿಯೂ ಹೋಗುತ್ತಿತ್ತು. ಲ್ಯಾಬಿನವರು ದೂರಿನ ಜೊತೆ ವಾಪಸು ಕಳಿಸಿದ ಅಂಥ ಡಬ್ಬಿಯನ್ನು ನಾವು ತೆರೆದ ದಿನ ಇಡೀ ಸಾಲಿನವರು ಊಟವನ್ನು ಮುಂದಕ್ಕೆ ಹಾಕುತ್ತಿದ್ದರು.

ಔಷಧವನ್ನು ಕಾಣದ ಹಾಗೆ ಇಟ್ಟರೆ ಚೆಲ್ಲುವುದಾದರೂ ಹೇಗೆ ಎಂದು ನನಗೆ ಹೊಳೆಯಿತು. ಮುಚ್ಚಳದೊಳಗೇ ಸಣ್ಣ ಗೂಡು. ಅದರಲ್ಲಿ ಔಷಧ, ಕೆಳಗೆ ತೆಳು ತಗಡಿನ ಹಾಳೆ. ಮುಚ್ಚಳವನ್ನು ಅರ್ಧ ತಿರುಗಿಸಿದರೆ ಏನೂ ಆಗುವುದಿಲ್ಲ. ಪೂರ್ತಿ ಬಿಗಿದರೆ ಒಳಗಿನ ಮುಳ್ಳು ಹಾಳೆಯನ್ನು ಹರಿದು ಔಷಧ ಕೆಳಗೆ ಬೀಳುತ್ತದೆ. ಇಷ್ಟೇ. ಹೇಳಿದರೆ ಯಾರಿಗಾದರೂ ‘ಇದು ನನಗೂ ಹೊಳೀತಿತ್ತು’ ಅನ್ನಿಸುವಂಥದ್ದು. ಆದರೆ ಹೊಳೆದದ್ದು ನನಗೆ.

ನಮ್ಮ ಮ್ಯಾನೇಜರ್ ಮೇಡಂ ನನ್ನ ಚಿತ್ರವನ್ನು ತಲೆಕೆಳಗೆ ಮಾಡಿ ನೋಡಿದರು, ನೆಟ್ಟಗೆ ಮಾಡಿ ನೋಡಿದರು. ಆಮೇಲೆ ಬಾಗಿಲು ಹಾಕಿ ಬಂದು ಕುಳಿತರು. ಪೇಟೆಂಟಿಗೆ ಅರ್ಜಿ ಹಾಕೋಣ, ಸಂಶೋಧಕಿ ಎಂದು ನಿನ್ನ ಹೆಸರೇ ಇರುತ್ತದೆ ಎಂದರು. ಒಂದೇ ಷರತ್ತು. ಅರ್ಜಿ ಹೋಗುವ ಮೊದಲು ಇದು ಹೊರಗಿನ ಜನರ ಕಣ್ಣಿಗೆ ಬಿದ್ದರೆ ಹೊಸದು ಎನ್ನಿಸಿಕೊಳ್ಳುವುದಿಲ್ಲ, ಕೆಲಸ ಕೆಟ್ಟಂತೆಯೇ. “ಎವರಿಕೀ ಚೆಪ್ಪೊದ್ದು,” ಎಂದರು. ಯಾರಿಗೂ ಹೇಳಬೇಡ. ನಮ್ಮ ಮನೆಯನ್ನು ಅವರು ಕಂಡಿರಲಿಲ್ಲ, ಅದಕ್ಕೇ ಅಷ್ಟು ಸುಲಭವಾಗಿ ಹೇಳಿದರು.

ಮುಚ್ಚಳವನ್ನು ಪರೀಕ್ಷಿಸಲು ಒಳಗೆ ತುಂಬಿಸುವುದಕ್ಕೆ ಏನಾದರೂ ಬೇಕಿತ್ತು. ನಿಜವಾದದ್ದನ್ನು ಕೊನೆಯ ಹಂತಕ್ಕೆ ಇಟ್ಟುಕೊಂಡಿದ್ದೆವು. ಅಲ್ಲಿಯವರೆಗೆ ಅದರ ಹದಕ್ಕೆ ಹೊಂದುವ ಪದಾರ್ಥ ಸಾಕು. ಬಾಳೆಹಣ್ಣು ಕಿವುಚಿ ನೋಡಿದೆವು, ನೀರಾಯಿತು. ಉಪ್ಪಿಟ್ಟು ಉದುರಿತು. ಕ್ಯಾಂಟೀನಿನ ಇಡ್ಲಿಯನ್ನು ಮುಳ್ಳೂ ಚುಚ್ಚಲಿಲ್ಲ. ಹೀಗಿರುವಾಗ ಹೋಳಿ ಹುಣ್ಣಿಮೆ ಬಂತು. ಅವ್ವ ಹೋಳಿಗೆಗೆ ಕಡಲೆಬೇಳೆ ಬೇಯಿಸಿ, ಬೆಲ್ಲ ಹಾಕಿ, ರುಬ್ಬಿ, ಹೂರಣವನ್ನು ಪರಾತದಲ್ಲಿ ಗುಡ್ಡೆ ಮಾಡಿ ಇಟ್ಟಿದ್ದಳು. ಬೆರಳಿನಿಂದ ಒತ್ತಿ ನೋಡಿದೆ. ಅದೇ ಬಣ್ಣ, ಅದೇ ಹದ. ಇದನ್ನು ಬರೆಯಬಾರದಿತ್ತೇನೋ. ಆದರೆ ಇದ್ದದ್ದು ಇದ್ದ ಹಾಗೆ.

“ಅವ್ವಾ, ನಂಗ ಬರೇ ಹೂರಣ ಬೇಕು. ಬರೂ ವಾರನೂ ಮಾಡಿಕೊಡು.”

“ಹೋಳಿಗಿ ಮಾಡದ ಬರೇ ಹೂರಣ ಯಾಕ?”

“ಆಫೀಸಿಗೆ.”

ಅವ್ವ ಲಟ್ಟಣಿಗೆ ಕೆಳಗಿಟ್ಟಳು. “ಆಫೀಸಿನ್ಯಾಗ ಯಾರಿಗೆ?”

“ಯಾರಿಗೂ ಅಲ್ಲ.”

“ಅಂವಗ ಕಣಕ ಸೇರಂಗಿಲ್ಲೇನು, ಬರೇ ಹೂರಣ ತಿಂತಾನ?”

ಆ ಇಲ್ಲದ ಹುಡುಗನಿಗಾಗಿ ಅವ್ವ ಹೂರಣಕ್ಕೆ ಏಲಕ್ಕಿ ಜಾಸ್ತಿ ಹಾಕತೊಡಗಿದಳು. ನಾನು ಅದನ್ನು ಹೊಸ ಡಬ್ಬಿಗಳಲ್ಲಿ ತುಂಬಿ, ಮುಚ್ಚಳದ ಗೂಡಿನಲ್ಲಿ ಔಷಧದ ಬದಲು ಮಿಠಾಯಿಗೆ ಹಾಕುವ ಹಸಿರು ಬಣ್ಣದ ನೀರು ಇಟ್ಟೆ. ಬಣ್ಣ ಎಲ್ಲಿ ಸೋರಿತು, ಎಲ್ಲಿ ಬಿದ್ದಿತು ಎಂಬುದು ಕಣ್ಣಿಗೆ ಕಾಣಬೇಕಲ್ಲ. ಆಮೇಲೆ ಚೀಲಕ್ಕೆ ಹಾಕಿಕೊಂಡು ಬಾಲಾನಗರದ ಮೇಲೆ ಹಾಯುವ ಷೇರ್ ಆಟೋದಲ್ಲಿ ಕೂರುತ್ತಿದ್ದೆ. ಡಬ್ಬಿ ಕುಲುಕಿ ಪರೀಕ್ಷಿಸುವ ಯಂತ್ರ ಕಂಪನಿಯಲ್ಲಿ ಇದೆ, ಇಲ್ಲವೆಂದಲ್ಲ. ಆದರೆ ಆ ಆಟೋದಷ್ಟು ಮನಸ್ಸಿಟ್ಟು ಅದು ಕುಲುಕುವುದಿಲ್ಲ.

ಯುಗಾದಿಗೆ ಎಲ್ಲ ಸಿದ್ಧವಾಗಿತ್ತು. ಹಬ್ಬ ಮುಗಿದ ವಾರವೇ ಅರ್ಜಿ ಹಾಕುವುದೆಂದು ಗೊತ್ತಾಗಿತ್ತು. ಕೊನೆಯ ಕುಲುಕು ಪರೀಕ್ಷೆಗೆಂದು ಒಂದು ಕ್ರೇಟ್ ತುಂಬ ಹೂರಣದ ಡಬ್ಬಿಗಳನ್ನು, ಮುಚ್ಚಳ ಅರ್ಧ ತಿರುಗಿಸಿ, ಅಡುಗೆಮನೆಯ ಮೂಲೆಯಲ್ಲಿ ಇಟ್ಟಿದ್ದೆ. ಬೇವು-ಬೆಲ್ಲ ತಿಂದು, ಒಂದು ಡಬ್ಬಿ ತೆಗೆದುಕೊಂಡು ಮಣಿಕೊಂಡಕ್ಕೆ ಹೊರಟೆ. ಅರ್ಜಿ ಬರೆದು ಹಾಕಿಕೊಡುವ ಪೇಟೆಂಟ್ ಏಜೆಂಟ್ ಅಲ್ಲಿ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ತೆಲುಗು ಮನುಷ್ಯ, ಮೆತ್ತಗಿನ ಮಾತು. ಡಬ್ಬಿಯನ್ನು ಕಣ್ಣಾರೆ ನೋಡಬೇಕೆಂದಿದ್ದರು. ಅವರು ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಗ ಅವ್ವನ ಫೋನ್ ಬಂತು.

“ನಿಮ್ಮ ಮಾಮಾ ಬಂದಿದ್ದ. ಭಾಳ ಖುಷಿ ಆಗ್ಯಾನ. ಮೊದಲಽ ಹೇಳಬಾರದಿತ್ತೇನು ನೀ?”

“ಏನು ಹೇಳಬೇಕಿತ್ತು?”

“ನಿನ್ನ ಪೇಟೆಂಟ್ ಹೂರಣದ್ದಂತ. ಫ್ರಿಜ್ ಇಲ್ಲದ ಎಷ್ಟು ದಿನ ಬೇಕಾದ್ರೂ ಕೆಡಂಗಿಲ್ಲಂತ. ಮೂಲ್ಯಾಗ ಡಬ್ಬಿ ನೋಡಿದ ಕೂಡಲೆ ಅಂವಗ ತಿಳೀತು. ‘ನಾನಽ ತಪ್ಪು ತಿಳ್ಕೊಂಡಿದ್ದೆ ಅಕ್ಕಾ’ ಅಂದ. ಎಲ್ಲಾ ಡಬ್ಬಿ ಸಂಘಕ್ಕ ಒಯ್ದಾನ, ಹಬ್ಬದ ಕಾರ್ಯಕ್ರಮದಾಗ ಹಂಚಾಕ. ನಿಮ್ಮಪ್ಪ ಸ್ಕೂಟರ್ ಮ್ಯಾಲೆ ಕ್ರೇಟ್ ಹಿಡಕೊಂಡು ಹೋಗ್ಯಾರ.”

ನಮ್ಮ ಕನ್ನಡ ಸಂಘದ ಯುಗಾದಿ ಎಂದರೆ ಊರಿನ ಕನ್ನಡದವರೆಲ್ಲ ಸೇರುತ್ತಾರೆ. ಹೈದರಾಬಾದಿನಲ್ಲಿ ಔಷಧದ ಕಂಪನಿಗಳಲ್ಲಿ ಕೆಲಸ ಮಾಡುವ ಅರ್ಧ ಜನ ಅಲ್ಲಿರುತ್ತಾರೆ. ಹೊರಗಿನ ಜನರ ಕಣ್ಣು ಎಂದರೆ ಇದಕ್ಕಿಂತ ದೊಡ್ಡ ಕಣ್ಣು ಸಿಗದು. ನನ್ನ ಹೆಸರು ಕಾಗದದ ಮೇಲೆ ಬರುವ ಮೊದಲೇ ಹೂರಣದ ಜೊತೆ ಖರ್ಚಾಗಿಹೋಗುವುದರಲ್ಲಿತ್ತು.

ಮಾಮಾನಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಅವರು ಸಂಘದ ಕಾರ್ಯದರ್ಶಿ, ವೇದಿಕೆಯ ಮೇಲಿದ್ದಾಗ ಫೋನ್ ಎತ್ತುವವರಲ್ಲ.

ವಿಷಯ ಕೇಳಿದ ಏಜೆಂಟ್ ಮಹಾಶಯರು ಗಾಬರಿಯಾಗಲಿಲ್ಲ. ಕನ್ನಡಕ ಒರೆಸಿಕೊಂಡು ಕಂಪ್ಯೂಟರ್ ತೆರೆದರು. ಹಬ್ಬವಿದ್ದರೂ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು, ಮೊದಲು ತಾತ್ಕಾಲಿಕ ಅರ್ಜಿ ಹಾಕಿಬಿಡೋಣ, ದಿನಾಂಕ ನಮ್ಮದಾಗಲು ಅಷ್ಟು ಸಾಕು, ಕಂಪನಿಯ ಒಪ್ಪಿಗೆಯ ಕಾಗದ ನನ್ನ ಬಳಿ ಇದೆ, ಮೇಡಂಗೆ ಒಂದು ಮಾತು ಹೇಳು ಎಂದರು. ರಸೀದಿ ಬರುವವರೆಗೆ ಆ ಡಬ್ಬಿಗಳನ್ನು ಯಾರೂ ಹಂಚದಂತೆ ನೋಡಿಕೋ, ಬಂದ ಮೇಲೆ ಚಾರ್‌ಮಿನಾರಿನ ಮೇಲೆ ನಿಂತು ಎಸೆದರೂ ನನಗೆ ಅಭ್ಯಂತರವಿಲ್ಲ ಎಂದರು. ಮೇಡಂ ಪುಳಿಯೋಗರೆ ಕಲಸುತ್ತಲೇ ಫೋನಿನಲ್ಲಿ ಹೂಂ ಅಂದರು.

ಉಳಿದವರು ಅಪ್ಪ ಒಬ್ಬರೇ. ನಮ್ಮಪ್ಪ ಲೇಥ್ ಯಂತ್ರದ ಮುಂದೆ ನಿಂತು ಜೀವನ ಕಳೆದವರು. ಆ ಸದ್ದಿನಲ್ಲಿ ಮಾತಾಡಿ ಉಪಯೋಗವಿಲ್ಲವೆಂದು ಮಾತಾಡುವುದನ್ನೇ ಬಿಟ್ಟವರು. ನೆಂಟರ ಮದುವೆಯಲ್ಲೂ ‘ಊಟ ಆಯ್ತ್ರಿ’ ಎನ್ನುವುದನ್ನು ಬಿಟ್ಟರೆ ಮತ್ತೊಂದು ಮಾತಿಲ್ಲ.

“ಅಪ್ಪಾ, ಡಬ್ಬಿ ಹಂಚ್ಯಾರೇನು?”

“ಇನ್ನಾ ಇಲ್ಲ. ಆಚಾರ್ರು ಪಂಚಾಂಗ ಓದಾಕತ್ತಾರ. ಅದು ಮುಗದ ಮ್ಯಾಲೆ.”

“ಎಷ್ಟೊತ್ತಿಗೆ ಮುಗೀತೈತಿ?”

“ಮುಗೀತಽ ಬಂತು. ಮೀನ ರಾಶಿಗೆ ಬಂದಾರ.”

“ಅಪ್ಪಾ, ಅದು ಮುಗಿಬಾರದು. ನಾ ಹೇಳೂತನ ಡಬ್ಬಿ ಯಾರ ಕೈಗೂ ಹೋಗಬಾರದು. ಯಾಕ ಅಂತ ಆಮ್ಯಾಲೆ ಹೇಳ್ತೀನಿ.”

ಅಪ್ಪ ಯಾಕೆಂದು ಕೇಳಲಿಲ್ಲ. “ಆತು,” ಎಂದರು. ಫೋನನ್ನು ಕಟ್ ಮಾಡದೆ ಅಂಗಿಯ ಕಿಸೆಗೆ ಹಾಕಿಕೊಂಡರು. ಹಾಗಾಗಿ ಮುಂದಿನದೆಲ್ಲ ಮಣಿಕೊಂಡದ ಆ ಕೋಣೆಯಲ್ಲಿ, ಏಜೆಂಟರ ಕೀಬೋರ್ಡಿನ ಟಕಟಕದ ನಡುವೆ, ನಮಗೆ ಕೇಳಿಸಿತು.

“ಆಚಾರ್ರ, ಒಂದು ಪ್ರಶ್ನೆ ಐತ್ರಿ.” ಅಪ್ಪನ ದನಿ. “ವೃಷಭ ರಾಶಿಯವ್ರಿಗೆ ಈ ವರ್ಷ ಕಬ್ಬಿಣದ ವ್ಯಾಪಾರ ಹೆಂಗೈತ್ರಿ?”

“ನೀವು ಕಬ್ಬಿಣದ ವ್ಯಾಪಾರ ಮಾಡ್ತೀರೇನು?”

“ಇಲ್ರಿ.”

“ನಿಮ್ಮದು ವೃಷಭ ರಾಶಿ ಏನು?”

“ಅಲ್ರಿ. ಸುಮ್ನ ಕೇಳಿದೆ.”

ಆಚಾರ್ಯರು ಪಾಪ, ಹಿಂದಕ್ಕೆ ಹೋಗಿ ವೃಷಭವನ್ನು ಮತ್ತೆ ಓದಿದರು. ಇತ್ತ ಏಜೆಂಟರು ಮುಳ್ಳಿನ ಆಕಾರ ಯಾವುದು ಎಂದು ಕೇಳಿದರು, ಹೇಳಿದೆ. ಹಾಳೆ ಯಾವುದರದು ಎಂದರು, ಹೇಳಿದೆ. ಕಿಸೆಯೊಳಗಿಂದ ಮತ್ತೆ ಅಪ್ಪ.

“ಆಚಾರ್ರ, ಧನು ರಾಶಿಗೆ ಗೌರವಕ್ಕಿಂತ ಅವಮಾನ ಜಾಸ್ತಿ ಓದಿದ್ರಿ. ಒಂದೀಟು ಕಡಿಮಿ ಮಾಡಾಕ ಬರಂಗಿಲ್ಲೇನ್ರಿ?”

ಸಭೆ ನಕ್ಕದ್ದು ಕೇಳಿಸಿತು. ಯಾರೋ ಹೆಂಗಸು, “ಖರೇನ ಕೇಳಿದ್ರು, ನಮ್ಮ ಮನ್ಯಾವ್ರದು ಧನು ರಾಶಿ,” ಎಂದಳು. ಆಮೇಲೆ ಅಪ್ಪ ಒಬ್ಬರೇ ಅಲ್ಲ, ಒಬ್ಬೊಬ್ಬರಾಗಿ ಎದ್ದರು. ಒಬ್ಬರಿಗೆ ಮಗಳ ವೀಸಾ, ಮತ್ತೊಬ್ಬರಿಗೆ ಬೋರ್‌ವೆಲ್, ಇನ್ನೊಬ್ಬರಿಗೆ ಬಾಡಿಗೆದಾರ ಮನೆ ಬಿಡುವ ಯೋಗ. ನಡುವೆ ಮಾಮಾನ ದನಿ ಮೈಕಿನಲ್ಲಿ, “ಭಾವ, ಸಾಕು ಕೂಡ್ರಿ, ಹೂರಣ ಹಂಚೂದೈತಿ.”

“ಹಂಚೂಣು ತಡಿ. ಕನ್ಯಾ ರಾಶಿದು ಯಾರೂ ಕೇಳೇ ಇಲ್ಲ,” ಅಪ್ಪ.

ಪರೀಕ್ಷೆಗೆ ಒಳಗೆ ಏನು ಹಾಕಿದಿರಿ ಎಂದು ಏಜೆಂಟರು ಕೇಳಿದರು. ಹೂರಣ ಎಂದೆ. ಅವರು ಕೀಬೋರ್ಡಿನಿಂದ ಬೆರಳೆತ್ತಿ ನನ್ನನ್ನು ನೋಡಿದರು. ತೆಲುಗಿನಲ್ಲಿ ಪೂರ್ಣಂ ಎಂದೆ. ಅವರು ‘ಬೇಳೆ ಮತ್ತು ಬೆಲ್ಲದಿಂದ ತಯಾರಿಸಿದ ಅರೆಗಟ್ಟಿ ಪದಾರ್ಥ’ ಎಂಬರ್ಥದ ಇಂಗ್ಲಿಷನ್ನು ಬರೆದರು. ಅವ್ವನ ಏಲಕ್ಕಿ ಬಿಟ್ಟುಹೋಯಿತು. ಸೇರಿಸಿ ಎನ್ನಲು ಧೈರ್ಯ ಸಾಲಲಿಲ್ಲ.

ಗುಂಡಿ ಒತ್ತಿದರು. ಪರದೆಯ ಮೇಲಿನ ಚಕ್ರ ತಿರುಗಿತು. ಅಲ್ಲಿ ಆಚಾರ್ಯರು, “ಸ್ವಾಮಿ, ನನಗೂ ಊಟ ಮಾಡೂದೈತಿ,” ಎನ್ನುತ್ತಿದ್ದರು. ಚಕ್ರ ನಿಂತಿತು. ರಸೀದಿ ಬಂತು. ಅದರಲ್ಲಿ ಅರ್ಜಿಯ ಸಂಖ್ಯೆ, ಯುಗಾದಿಯ ದಿನಾಂಕ.

“ಅಪ್ಪಾ,” ಎಂದು ಫೋನಿಗೆ ಕೂಗಿದೆ, “ಸಾಕು, ಹಂಚ್ರಿ.”

ಕಿಸೆಯಲ್ಲಿ ಹುಡುಗಿಯ ದನಿ ಕೇಳಿ ಪಕ್ಕದವರು ಬೆಚ್ಚಿಬಿದ್ದರಂತೆ. ಅಪ್ಪ ಕೈಮುಗಿದು, “ಆಚಾರ್ರ, ಎಲ್ಲಾ ತಿಳೀತ್ರಿ,” ಎಂದು ಕುಳಿತರಂತೆ.

ನಾನು ಆಟೋ ಹಿಡಿದು ಸಂಘ ಮುಟ್ಟುವ ಹೊತ್ತಿಗೆ ಹಂಚಿಕೆ ಮುಗಿದು ಬೇರೊಂದು ಗದ್ದಲ ನಡೆದಿತ್ತು. ಡಬ್ಬಿ ತೆರೆಯಲು ಹೋದವರಲ್ಲಿ ಸುಮಾರು ಜನ ಮುಚ್ಚಳವನ್ನು ಉಲ್ಟಾ ತಿರುಗಿಸಿ ಬಿಗಿಗೊಳಿಸಿದ್ದರು. ಮುಳ್ಳು ತನ್ನ ಕೆಲಸ ಮಾಡಿತ್ತು. ರೇಷ್ಮೆ ಸೀರೆಯ ಹೆಂಗಸರು, ಜರಿ ಶಲ್ಯದ ಹಿರಿಯರು ಹಸಿರು ಹೂರಣ ತಿನ್ನುತ್ತ ಕುಳಿತಿದ್ದರು. ನಾಲಗೆ ಹೊರಗೆ ಹಾಕಿ ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ಒಂದು ಡಬ್ಬಿಯೂ ಸೋರಿರಲಿಲ್ಲ. ನಾನು ಮೊದಲು ನೋಡಿದ್ದು ಅದನ್ನೇ.

“ಬಂದಳು ನೋಡ್ರಿ ನಮ್ಮ ಹುಡುಗಿ,” ಎಂದು ಮಾಮಾ ಮೈಕಿನಲ್ಲಿ ಹೇಳಿದರು. ಅವರ ನಾಲಗೆಯೂ ಹಸಿರಾಗಿತ್ತು. “ಹೂರಣ ಕೆಡದಂಗ ಇಡೂ ಡಬ್ಬಿ ಕಂಡುಹಿಡದಾಳ. ಬಾ ತಂಗಿ, ಎಲ್ಲರಿಗೂ ತಿಳಿಸಿ ಹೇಳು.”

ವೇದಿಕೆ ಹತ್ತಿದೆ. ಇಷ್ಟು ದಿನ ಬಾಯಿ ಕಟ್ಟಿಕೊಂಡು ಇದ್ದೆ. ಈಗ ಹೇಳಬಹುದಿತ್ತು. ಮುಚ್ಚಳದ ವಿಷಯ ಹೇಳಿದೆ, ಗೂಡಿನ ವಿಷಯ ಹೇಳಿದೆ. ಚಪ್ಪಾಳೆ ಬಂತು. ಮುಂದಿನ ಸಾಲಿನ ಅಜ್ಜಿಯೊಬ್ಬರು, “ಇದರಾಗ ಮಾವಿನಕಾಯಿ ಉಪ್ಪಿನಕಾಯಿ ಇಡಬಹುದೇನವ್ವಾ?” ಎಂದು ಕೇಳಿದರು.

“ಇಡಬಾರದ್ರಿ ಅಮ್ಮಾ. ಖರೇ ಡಬ್ಬ್ಯಾಗ ಔಷಧ ಇರ್ತೈತಿ. ಇದು ಆಸ್ಪತ್ರಿದು.” ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. “ಸಂಡಾಸ ಟೆಸ್ಟ್ ಮಾಡಾಕ ಕೊಡೂ ಡಬ್ಬಿ ರೀ ಇದು.”

ಸಭಾಂಗಣದಲ್ಲಿ ಚಮಚಗಳೆಲ್ಲ ಇದ್ದಲ್ಲೇ ನಿಂತವು. ಎಲ್ಲರೂ ನನ್ನನ್ನು ಬಿಟ್ಟು ಮಾಮಾನನ್ನು ನೋಡುತ್ತಿದ್ದರು. ಅವರ ಕೈಯಲ್ಲಿ ಎರಡನೆಯ ಡಬ್ಬಿ, ಅರ್ಧ ಖಾಲಿ.

ಮಾಮಾ ಮೈಕನ್ನು ಕೈಯಿಂದ ಮುಚ್ಚಿ ಮೆಲ್ಲಗೆ ಕೇಳಿದರು. “ಹೊಸಾ ಡಬ್ಬಿ ಹೌದಲ್ಲ?”

“ಹೊಸಾವಽ ರೀ ಮಾಮಾ. ಯಾರೂ ಮುಟ್ಟಿಲ್ಲ.”

ಅವರು ಸಭೆಯನ್ನೊಮ್ಮೆ ನೋಡಿದರು, ಡಬ್ಬಿಯನ್ನೊಮ್ಮೆ ನೋಡಿದರು. ಆಮೇಲೆ ಎಲ್ಲರಿಗೂ ಕಾಣುವ ಹಾಗೆ, ಉಳಿದದ್ದನ್ನು ಚಮಚದಿಂದ ಕೆರೆದು ಕೆರೆದು ತಿಂದು ಮುಗಿಸಿದರು. “ರುಚಿ ಏನೂ ಫರಕ್ ಆಗಿಲ್ಲ ನೋಡ್ರಿ,” ಎಂದರು ಮೈಕಿನಲ್ಲಿ. ಕಾರ್ಯದರ್ಶಿ ತಿಂದ ಮೇಲೆ ಸದಸ್ಯರೂ ಒಬ್ಬೊಬ್ಬರಾಗಿ ಚಮಚ ಎತ್ತಿದರು. ಅಜ್ಜಿ ಮಾತ್ರ ಡಬ್ಬಿಯನ್ನು ಪಕ್ಕದವರ ಮಡಿಲಿಗೆ ದಾಟಿಸಿದರು. ಹುಡುಗ ಯಾರೂ ಇಲ್ಲವೆಂದು ಅವ್ವನಿಗೆ ಅಂದೇ ಖಚಿತವಾಯಿತು. ಅವಳಿಗೆ ನಿರಾಸೆಯಾಯಿತೆಂದೇ ನನ್ನ ಗುಮಾನಿ.

ಆಮೇಲೆ ಕಾಯುವುದು. ಪೂರ್ತಿ ಅರ್ಜಿ ಹೋಯಿತು. ಪೇಟೆಂಟ್ ಆಫೀಸಿನಿಂದ ತಕರಾರು ಬಂತು, ಇಂಥದೇ ಮುಚ್ಚಳ ಬೇರೆ ದೇಶದಲ್ಲಿ ಇದೆಯಲ್ಲ ಎಂದು. ಅದರಲ್ಲಿ ಅರ್ಧ ತಿರುವಿನ ನಿಲುಗಡೆ ಇಲ್ಲ ಎಂದು ನಾವು ಉತ್ತರ ಬರೆದೆವು. ವಿಚಾರಣೆಯ ದಿನ ಏಜೆಂಟರ ಪಕ್ಕದಲ್ಲಿ ಕಂಪ್ಯೂಟರಿನ ಮುಂದೆ ಕುಳಿತು, ಕೇಳಿದ್ದಕ್ಕೆಲ್ಲ ನನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೆ. ಕೆಮಿಸ್ಟ್ರಿಯಲ್ಲಿ ಕೆಡವಿದವರು ಯಾರಾದರೂ ನೋಡಬೇಕಿತ್ತು. ಕೊನೆಗೆ ಪೇಟೆಂಟ್ ಕಂಪನಿಯ ಹೆಸರಿಗೆ ಮಂಜೂರಾಯಿತು. ಸಂಶೋಧಕರಿಗೇ ಬೇರೆ ಪ್ರಮಾಣಪತ್ರ ಕೊಡುವ ಪದ್ಧತಿ ಈಚೆಗೆ ಬಂದಿದೆ. ಮೇಡಂ ಅದಕ್ಕೂ ಅರ್ಜಿ ಹಾಕಿಸಿದ್ದರು. ಅದು ಬಂದ ದಿನ, ಮನೆಯವರನ್ನು ಕರೆದುಕೊಂಡು ಬಾ ಎಂದರು.

ಅಪ್ಪ ಇಸ್ತ್ರಿ ಅಂಗಿ ಹಾಕಿ ಬಂದರು. ಅವ್ವ ಮದುವೆಗೆ ಉಡುವ ಸೀರೆ ಉಟ್ಟಳು. ಮಾಮಾ ಕಾರ್ಖಾನೆಗೆ ರಜೆ ಹಾಕಿ ಬಂದರು. ಕ್ಯಾಂಟೀನಿನಲ್ಲಿ ಸಮೋಸ, ಚಹಾ. ಮೇಡಂ ನನ್ನ ಬಗ್ಗೆ ತೆಲುಗಿನಲ್ಲಿ ನಾಲ್ಕು ಮಾತಾಡಿದರು. ಮಾಮಾ ನನ್ನ ಪಕ್ಕಕ್ಕೆ ಬಾಗಿದರು.

“ಇನ್ನ ನಾ ಮಂದಿಗೆ ಏನಂತ ಹೇಳಲಿ? ನಮ್ಮ ಅಕ್ಕನ ಮಗಳು ಸೈಂಟಿಸ್ಟ್ ಅನ್ನಲೇನು?”

“ಅನ್ರಿ ಮಾಮಾ.”

“ಏನು ಕಂಡುಹಿಡದಾಳ ಅಂತ ಕೇಳಿದ್ರ?”

“ಇದ್ದದ್ದು ಹೇಳ್ರಿ.”

ಮಾಮಾ ಸಮೋಸದ ಕೊನೆಯ ತುಂಡು ಬಾಯಿಗೆ ಹಾಕಿಕೊಂಡರು. “ಅಷ್ಟೊತ್ತಿಗೆ ನಾ ಕೈ ತೊಳ್ಕೊಳ್ಳಾಕ ಎದ್ದು ಹೋಗ್ತೀನಿ ಬಿಡು.”

ಮೇಡಂ ನನ್ನ ಕೈಗೆ ಪ್ರಮಾಣಪತ್ರ ಕೊಟ್ಟರು. ನಾನು ಅದನ್ನು ಅವ್ವನ ಕೈಗೆ ಕೊಟ್ಟೆ. ಅವ್ವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು, ಕಾಗದದ ಎರಡೂ ಅಂಚು ಹಿಡಿದು, “ನಿನ್ನ ಹೆಸರು ಎಲ್ಲೈತಿ?” ಎಂದಳು. ಬೆರಳಿಟ್ಟು ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿದಳು. ಅಪ್ಪನಿಗೂ ತೋರಿಸಿದಳು, ಮತ್ತೆ ತನ್ನ ಕಡೆಗೆ ಎಳೆದುಕೊಂಡಳು.

“ಭಾಳ ಸಣ್ಣ ಅಕ್ಷರದಾಗ ಬರದಾರ,” ಎಂದಳು. “ಇರ್ಲಿ ಬಿಡು. ಓದಾವ್ರು ಹತ್ರ ಬಂದು ಓದ್ಲಿ.”